ಹಿತ್ತಾಳೆಯ ಬಟ್ಟುಗಳು

ನಮ್ಮ ಮಾವನಿಗೆ ಪೇಟೆಯಲ್ಲಿ ಇರುವ ಹೆಸರು ತಕ್ಕಡಿ ಅಜ್ಜ. ತಕ್ಕಡಿ ರಿಪೇರಿ ಅವರ ಕಸುಬು ಎನ್ನುವುದು ಒಂದು ಕಾರಣ. ಕಣ್ಣಿಗೆ ಬಿದ್ದ ಮನುಷ್ಯರನ್ನೆಲ್ಲ ಮನಸ್ಸಿನಲ್ಲೇ ತೂಗಿ ನೋಡುತ್ತಾರೆ ಎನ್ನುವುದು ಇನ್ನೊಂದು. ನಾನು ಸೊಸೆಯಾಗಿ ಈ ಮನೆಗೆ ಬಂದ ದಿನ ನನ್ನನ್ನೂ ಹಾಗೇ ಅಡಿಯಿಂದ ಮುಡಿಯವರೆಗೆ ನೋಡಿದ್ದರು. ಎಷ್ಟು ತೂಗಿದೆನೋ ಇವತ್ತಿಗೂ ಹೇಳಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವಳು ನಾನು, ಬಹಳ ತೂಗಿರಲಾರೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆ ತುಂಬ ತಕ್ಕಡಿಯ ದಂಡಗಳು, ಸರಪಳಿಗಳು, ತಟ್ಟೆಗಳು. ನನ್ನ ಗಂಡ ಬಸ್ ಓಡಿಸುತ್ತಾನೆ, ಅಪ್ಪನ ಕಸುಬಿನ ಕಡೆ ತಲೆ ಹಾಕಲಿಲ್ಲ. ಹಾಗಾಗಿ ಮಾವನ ಎದುರು ಸ್ಟೂಲು ಹಾಕಿಕೊಂಡು ಕೂತವಳು ನಾನು. ತಕ್ಕಡಿಯ ಮುಳ್ಳು ನೆಟ್ಟಗೆ ಮಾಡುವುದು, ತೂಕದ ಬಟ್ಟುಗಳ ಅಡಿಯ ಕುಳಿಯಲ್ಲಿ ಸೀಸ ತುಂಬುವುದು ಅಥವಾ ಕೆತ್ತಿ ತೆಗೆಯುವುದು, ಎಲ್ಲ ಅವರಿಂದಲೇ ಕಲಿತೆ. ಬಟ್ಟು ಹಗುರವಾಗಿದ್ದರೆ ಸೀಸ ಕರಗಿಸಿ ಹೊಯ್ಯಬೇಕು, ಭಾರವಾಗಿದ್ದರೆ ಕೆತ್ತಬೇಕು. ಕೆಲಸ ಇಷ್ಟೇ. ಆದರೆ ಯಾವುದು ಹಗುರ, ಯಾವುದು ಭಾರ ಎಂದು ಹೇಳುವುದಕ್ಕೆ ಒಂದು ಸರಿಯಾದ ಬಟ್ಟು ಬೇಕಲ್ಲ, ಅದು ಮಾವನ ಪೆಟ್ಟಿಗೆಯಲ್ಲಿತ್ತು.

ಕರಿಮರದ ಪೆಟ್ಟಿಗೆ, ಒಳಗೆ ಕೆಂಪು ಬಟ್ಟೆಯ ಹಾಸು, ಅದರಲ್ಲಿ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಕೂತ ಹಿತ್ತಾಳೆಯ ಬಟ್ಟುಗಳು. ಪೇಟೆಯ ಬಟ್ಟುಗಳೆಲ್ಲ ಇವುಗಳ ಎದುರು ಬಂದು ನಿಲ್ಲಬೇಕು. ಅವನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಮಾವ ಕೂಡ ಬಟ್ಟೆಯಲ್ಲಿ ಹಿಡಿದೇ ಎತ್ತುತ್ತಿದ್ದರು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಮಾವ ಬಾಗಿಲು ಅರ್ಧ ಮುಚ್ಚಿ, ಪಾಲಿಶ್ ಪುಡಿ ಹಾಕಿ ಒಂದೊಂದನ್ನೇ ಉಜ್ಜುತ್ತಿದ್ದರು. ಬಾಯಲ್ಲಿ ಕೀರ್ತನೆ ಗುನುಗುತ್ತಿರುತ್ತಿತ್ತು. ಉಜ್ಜಿ ಮುಗಿದ ಬಟ್ಟಿನಲ್ಲಿ ಅವರ ಮುಖ ಕಾಣಬೇಕು, ಆಗಲೇ ಅದನ್ನು ಪೆಟ್ಟಿಗೆಯಲ್ಲಿಡುವುದು. ಭಾನುವಾರಕ್ಕೆ ಅವರು ಸಿದ್ಧವಾಗುತ್ತಿದ್ದ ರೀತಿ ಅದು.

ಭಾನುವಾರ ಚರ್ಚಿನಲ್ಲಿ ಮಾವ ಸಭೆಯ ಹಿರಿಯರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಸಭೆಯವರೆಲ್ಲ ಒಂದೊಂದು ತುಂಡು ರೊಟ್ಟಿ, ಒಂದೊಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಅಂದು ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುವವರು ಅವರೇ. ಯಾರು ತಡವಾಗಿ ಬಂದರು, ಯಾರು ಪಾಸ್ಟರ್ ಪ್ರಸಂಗ ಮಾಡುವಾಗ ತೂಕಡಿಸಿದರು, ಯಾರು ಕತ್ತು ತಿರುಗಿಸಿ ಹಿಂದೆ ನೋಡಿದರು, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಹಿಂದೆ ತಿರುಗಿ ನೋಡುವುದನ್ನಂತೂ ಅವರು ಸಹಿಸುತ್ತಲೇ ಇರಲಿಲ್ಲ. ಕೆಟ್ಟ ಮನುಷ್ಯರಲ್ಲ. ಯಾರ ಮನೆಯಲ್ಲಿ ಕಾಯಿಲೆ ಬಿದ್ದರೂ ಮೊದಲು ಹೋಗುತ್ತಿದ್ದವರು ಅವರೇ. ಆದರೆ ಹೋದವರು ಕಾಯಿಲೆ ಯಾಕೆ ಬಂತು ಎಂದು ವಿವರಿಸದೆ ಎದ್ದು ಬರುತ್ತಿರಲಿಲ್ಲ.

ಅವರ ಕಣ್ಣಿಗೆ ಎಲ್ಲರಿಗಿಂತ ಹೆಚ್ಚಾಗಿ ಬೀಳುತ್ತಿದ್ದವಳು ಮೀನಕ್ಕ. ಪೇಟೆಯ ಮೂಲೆಯಲ್ಲಿ ಮೀನು ಮಾರುವವಳು, ತಾಯಿಯ ಕಾಲದಿಂದ ಅದೇ ಕಟ್ಟೆ. ಬೆಳಕು ಹರಿಯುವ ಮೊದಲೇ ಏಳುವವಳಾದ್ದರಿಂದ ಪ್ರಸಂಗದಲ್ಲಿ ನಿದ್ದೆ ಹೋಗುತ್ತಿದ್ದಳು. ಎಷ್ಟು ತಿಕ್ಕಿ ತೊಳೆದುಕೊಂಡು ಬಂದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಅವಳು ಒಳಗೆ ಬಂದರೆ ಮಾವ ಎದ್ದು ಹೋಗಿ, ಎಲ್ಲರಿಗೂ ಕಾಣುವ ಹಾಗೆ, ಒಂದು ಕಿಟಕಿ ತೆರೆಯುತ್ತಿದ್ದರು. ಎಲ್ಲರೂ ಒಟ್ಟಿಗೆ ವಿಶ್ವಾಸ ಪ್ರಮಾಣ ಹೇಳುವಾಗ ಅವಳು ನಡುವೆ ಒಂದು ಸಾಲು ನುಂಗಿ, ಕೊನೆಯ ಆಮೆನ್‌ಗೆ ಎಲ್ಲರಿಗಿಂತ ಮೊದಲು ತಲುಪುತ್ತಿದ್ದಳು. ಪೇಟೆಯಲ್ಲಿ ಬಾಯಿ ಬಿಟ್ಟರೆ ಗಂಡಸರೂ ದಾರಿ ಬಿಡಬೇಕು.

ಆದರೆ ನಾನು ಮೀನು ತರಲು ಹೋದಾಗ ಬೇರೆಯದನ್ನೂ ಕೇಳಿದ್ದೇನೆ. ಅವಳು ಮೀನು ಹೆರೆಯುತ್ತ ಹೆರೆಯುತ್ತ ದೇವರ ಜೊತೆ ಮಾತಾಡುತ್ತಿರುತ್ತಾಳೆ. ದೇವರನ್ನು ಕರೆಯುವುದು ಅಪ್ಪಾ ಎಂದು. ಒಂದು ದಿನ ಕೇಳಿದ್ದು ಹೀಗೆ: "ಅಪ್ಪಾ, ಇವತ್ತು ನಂದು ಬೇಗ ಖಾಲಿ ಮಾಡ್ಸು. ಹಾಗೇ ಆ ಪಕ್ಕದವನದ್ದೂ ಮಾರಿಸಿಬಿಡು. ಇಲ್ಲಾಂದ್ರೆ ಸಂಜೆವರೆಗೂ ಗೊಣಗ್ತಾ ಕೂತಿರ್ತಾನೆ, ನಿನಗೂ ಕಷ್ಟ, ನನಗೂ ಕಷ್ಟ." ನಾನು ನಗು ತಡೆಯಲಾರದೆ ಇದನ್ನು ಮನೆಯಲ್ಲಿ ಹೇಳಿದರೆ ಮಾವ ತಟ್ಟೆಯಿಂದ ಕೈ ಎತ್ತಿ, ದೇವರೇನು ಅವಳ ಅಂಗಡಿಯ ಆಳೇ ಎಂದು ಕೇಳಿದರು.

ಗಲಾಟೆ ಶುರುವಾದದ್ದು ಮಾವನಿಗೆ ಹೊಳೆದ ಒಂದು ಯೋಚನೆಯಿಂದ. ಸಭೆಯವರಲ್ಲಿ ವ್ಯಾಪಾರ ಮಾಡುವವರೆಲ್ಲ ತಮ್ಮ ಬಟ್ಟುಗಳನ್ನು ತಂದು ತೋರಿಸಬೇಕು, ತಾವು ಪುಕ್ಕಟೆ ಸರಿಮಾಡಿಕೊಡುವುದಾಗಿ ಚರ್ಚಿನಲ್ಲಿ ಎದ್ದು ನಿಂತು ಹೇಳಿದರು. ಕರ್ತನ ರೊಟ್ಟಿ ಮುಟ್ಟುವ ಕೈ ಸುಳ್ಳು ತೂಕ ಮುಟ್ಟಬಾರದು ಎಂಬುದು ಅವರ ವಾದ. ಎಲ್ಲರೂ ತಂದರು. ತರಕಾರಿಯವನು, ದಿನಸಿಯವನು, ಮೊಳೆ ಮಾರುವವನು, ಒಬ್ಬರ ಹಿಂದೆ ಒಬ್ಬರು. ವಿಚಿತ್ರವೆಂದರೆ ಎಲ್ಲರ ಬಟ್ಟೂ ಒಂದಿಷ್ಟು ಭಾರವಾಗಿಯೇ ಇತ್ತು. ಮಾವ ಎಲ್ಲರದ್ದರಿಂದಲೂ ಒಂದಿಷ್ಟು ಸೀಸ ಕೆತ್ತಿದರು. ಕೆತ್ತಿಕೆತ್ತಿ ನನ್ನ ಹೆಬ್ಬೆರಳೂ ಊದಿತ್ತು.

ಮೀನಕ್ಕನೂ ತನ್ನ ಒಂದು ಕಿಲೋ ಕಬ್ಬಿಣದ ಬಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಎಣ್ಣೆ ಸವರಿ ಸವರಿ ಕಪ್ಪಗೆ ಮಿರಮಿರ ಎನ್ನುತ್ತಿದ್ದ ಹಳೆಯ ಬಟ್ಟು, ಅವಳ ತಾಯಿಯದ್ದು. ಮಾವ ಒಂದು ತಟ್ಟೆಯಲ್ಲಿ ತಮ್ಮ ಹಿತ್ತಾಳೆಯದ್ದು, ಇನ್ನೊಂದರಲ್ಲಿ ಅವಳದ್ದು ಇಟ್ಟರು. ಮುಳ್ಳು ಅವಳ ಕಡೆ ವಾಲಿತು. ಸಣ್ಣ ಮೀನಿನ ಬಾಲದಷ್ಟು ಹೆಚ್ಚು, ಅಷ್ಟೇ. ಮಾವ ಉಳಿ ಕೈಗೆತ್ತಿಕೊಂಡರು. ಅವಳು ತಟ್ಟನೆ ಬಟ್ಟಿನ ಮೇಲೆ ಕೈಯಿಟ್ಟಳು.

"ಬೇಡಣ್ಣ. ಹೆಚ್ಚು ಹೋಗ್ತಿದ್ರೆ ಹೋಗ್ಲಿ ಬಿಡಿ. ಅಷ್ಟರಲ್ಲಿ ಯಾರ ಮನೆ ಮಗುವೋ ಒಂದು ತುತ್ತು ಜಾಸ್ತಿ ಉಣ್ಣುತ್ತೆ. ಇಷ್ಟು ವರ್ಷ ಕೊಟ್ಟು, ಈಗ ಕಮ್ಮಿ ಮಾಡೋಕೆ ಮನಸ್ಸು ಬರಲ್ಲ."

"ಹೆಚ್ಚಾದ್ರೂ ಸುಳ್ಳೇ, ಕಮ್ಮಿಯಾದ್ರೂ ಸುಳ್ಳೇ," ಎಂದರು ಮಾವ. "ಸುಳ್ಳು ಬಟ್ಟು ಇಟ್ಕೊಂಡು ರೊಟ್ಟಿಗೆ ಕೈ ಚಾಚಬಾರದು. ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಆಮೇಲೆ ಬಟ್ಟನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು, ಬರ್ತೀನಣ್ಣ ಎಂದು ಹೇಳಿ ಹೋದಳು. ಬಟ್ಟು ಸರಿಮಾಡಿಸುವವರೆಗೆ ಅವಳಿಗೆ ರೊಟ್ಟಿ ಕೊಡಬಾರದು ಎಂದು ಹೇಳಲು ಮಾವ ಅದೇ ಸಂಜೆ ಪಾಸ್ಟರ್ ಮನೆಗೆ ಹೋದರು. ನಮ್ಮ ಪಾಸ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯವರು, ಹಿರಿಯರು ಒಂದು ಮಾತು ಹೇಳಿದರೆ ಎದುರಾಡುವ ಧೈರ್ಯ ಇಲ್ಲದವರು. ಹಿರಿಯರು ಹೇಳಿದ ಮೇಲೆ ಏನು ಮಾಡೋದು ಎಂದು ನನ್ನೆದುರು ಕೈ ಹೊಸಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಮಾವನ ಜೊತೆ ಜಗಳವನ್ನೂ ಆಡಿದೆ. ಅವರು ಶಾಂತವಾಗಿ, ಇದರಲ್ಲಿ ನನ್ನದೇನೂ ಇಲ್ಲಮ್ಮ, ಮುಳ್ಳು ಹೇಳಿದ್ದನ್ನೇ ನಾನು ಹೇಳಿದೆ ಎಂದರು. ಅಷ್ಟು ಶಾಂತವಾಗಿರುವವರ ಜೊತೆ ಜಗಳವಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ.

ಮುಂದಿನ ಕರ್ತನ ಭೋಜನದ ದಿನ ಮೀನಕ್ಕ ಕೊನೆಯ ಬೆಂಚಿನಲ್ಲಿ ಕೂತಳು. ತಟ್ಟೆ ಬಂದಾಗ ಮಾವ ಅವಳ ಮುಂದೆ ನಿಲ್ಲದೆ ಪಕ್ಕದವರಿಗೆ ಚಾಚಿದರು. ಅವಳು ತಲೆ ಎತ್ತಲಿಲ್ಲ. ಆರಾಧನೆ ಮುಗಿದ ಮೇಲೆ, ಯಾವತ್ತಿನ ಹಾಗೇ, ಹಿಂದಿನ ಕೋಣೆಗೆ ಬಂದು ದ್ರಾಕ್ಷಾರಸದ ಬಟ್ಟಲುಗಳನ್ನು ತೊಳೆಯಲು ನಿಂತಳು. ಅದು ಬಹಳ ವರ್ಷದಿಂದ ಅವಳು ತಾನಾಗಿ ವಹಿಸಿಕೊಂಡ ಕೆಲಸ. ತನಗೆ ಸಿಗದ ಬಟ್ಟಲುಗಳನ್ನು ಬೆಳಕಿಗೆ ಹಿಡಿದು ಹಿಡಿದು ಒರೆಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದೆ.

"ತಿಂಗಳಿಗೊಂದು ತುಂಡು ರೊಟ್ಟಿ," ಎಂದಳು ಅವಳೇ. "ಅದಕ್ಕೆ ಇಷ್ಟು ಆಸೆ ಇತ್ತು ಅಂತ ನನಗೇ ಗೊತ್ತಿರಲಿಲ್ಲ ನೋಡು." ಕಣ್ಣು ಒರೆಸಿಕೊಂಡಳು, ಒರೆಸಿಕೊಂಡದ್ದಕ್ಕೆ ನಕ್ಕಳು. ಕೊಟ್ಟುಬಿಡು ಅಕ್ಕ, ಕೆತ್ತಲಿ, ಒಂದು ಚೂರು ಸೀಸ ತಾನೇ ಎಂದೆ. ಅವಳು ತಲೆಯಾಡಿಸಿದಳು. ನಮ್ಮಪ್ಪನ ಊಟಕ್ಕೆ ಹೋಗುವುದಕ್ಕಾಗಿ ಬೇರೆಯವರ ತುತ್ತು ಕೆತ್ತಿಸಿಕೊಂಡು ಬಂದೆ ಎಂದು ಅವನಿಗೆ ಹೇಗೆ ಹೇಳಲಿ ಎಂದು ಕೇಳಿದಳು.

ಇದಾದ ಸ್ವಲ್ಪ ದಿನಕ್ಕೆ ತೂಕ ಮತ್ತು ಅಳತೆ ಇಲಾಖೆಯವರು ಮನುಷ್ಯನನ್ನೇ ಕಳಿಸಿ ಎಚ್ಚರಿಸಿದರು. ರಿಪೇರಿಯವರು ತಮ್ಮ ಮೂಲ ಬಟ್ಟುಗಳನ್ನು ಆಗಾಗ ಅಲ್ಲಿ ಕೊಂಡೊಯ್ದು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮಾವ ವರ್ಷಗಳಿಂದ ಅತ್ತ ತಲೆ ಹಾಕಿರಲಿಲ್ಲ. ತಮ್ಮ ಬಟ್ಟುಗಳಿಗೆ ಇನ್ನೊಬ್ಬರ ಸಾಕ್ಷಿ ಯಾಕೆ ಎನ್ನುತ್ತಿದ್ದರು. ಈ ಸಲ ಮಾಡಿಸದಿದ್ದರೆ ಅಂಗಡಿಗೆ ಬೀಗ ಎಂದಾಗ ಬೇರೆ ದಾರಿ ಇರಲಿಲ್ಲ. ಅವರಿಗೆ ಮಂಡಿ ನೋವು, ಬಸ್ ಹತ್ತಲಾರರು. ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ನನ್ನ ಕೈಗಿಟ್ಟು, ಬೆರಳು ತಾಗಿಸಬೇಡ ಎಂದು ಬಾಗಿಲವರೆಗೂ ಹೇಳುತ್ತ ಬಂದರು.

ಬಸ್ ನಿಲ್ದಾಣಕ್ಕೆ ಮೀನಿನ ಕಟ್ಟೆಯ ಮುಂದೆಯೇ ಹೋಗಬೇಕು. ಅಲ್ಲಿ ನನಗೊಂದು ಹಟ ಹುಟ್ಟಿತು. ಸರ್ಕಾರದವರು ಕೂದಲೆಳೆಯಷ್ಟು ಹೆಚ್ಚು ಕಡಿಮೆಯನ್ನು ಮಾಫಿ ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಮೀನಕ್ಕನ ಬಟ್ಟನ್ನೂ ಅಲ್ಲೇ ತೂಗಿಸಿ, ಕಾನೂನು ಕ್ಷಮಿಸಿದ್ದನ್ನು ನೀವು ಕ್ಷಮಿಸಲಿಲ್ಲ ನೋಡಿ ಎಂದು ಮಾವನ ಮುಖಕ್ಕೆ ಹೇಳಬೇಕು ಎನ್ನಿಸಿತು. ಸಂಜೆವರೆಗೆ ಬಟ್ಟು ಕೊಡು ಎಂದೆ. ಯಾಕೆ ಎಂದು ಅವಳು ಕೇಳಲೂ ಇಲ್ಲ. ಎರಡು ಅರ್ಧ ಕಿಲೋ ಇವೆ, ನಡೆಯುತ್ತೆ ಎಂದು ಎತ್ತಿ ಕೊಟ್ಟಳು.

ಇಲಾಖೆಯ ಕೋಣೆಯಲ್ಲಿ ಗಾಜಿನ ಗೂಡಿನೊಳಗೆ ಒಂದು ತಕ್ಕಡಿ. ಉಸಿರು ತಾಗಿದರೂ ಮುಳ್ಳು ಅಲುಗುತ್ತದೆಂದು ಗೂಡಿನ ಬಾಗಿಲು ಮುಚ್ಚಿಯೇ ನೋಡುತ್ತಾರೆ. ಅಧಿಕಾರಿಣಿ ಕೈಗೆ ಬಿಳಿ ಗವಸು ಹಾಕಿಕೊಂಡು ಮೊದಲು ಕಬ್ಬಿಣದ್ದನ್ನು ಇಟ್ಟರು, ನೋಡಿದರು, ತೆಗೆದರು. ಆಮೇಲೆ ನಮ್ಮ ಹಿತ್ತಾಳೆಯದ್ದನ್ನು ಇಟ್ಟರು. ನೋಡಿದರು. ತೆಗೆದು, ಮತ್ತೆ ಇಟ್ಟು, ಮತ್ತೆ ನೋಡಿದರು.

"ಕಬ್ಬಿಣದ್ದು ಸರಿಯಾಗಿದೆ. ಹಿತ್ತಾಳೇದು ಸವೆದು ಹೋಗಿದೆಯಲ್ಲ," ಎಂದರು. "ಇಷ್ಟು ಹೊಳೀತಿದೆ. ಪುಡಿ ಹಾಕಿ ಉಜ್ಜುತ್ತೀರಾ?"

ಶನಿವಾರ ಶನಿವಾರ ಎಂದೆ. ಉಜ್ಜಿದಷ್ಟೂ ಹಿತ್ತಾಳೆ ಬಟ್ಟೆಗೆ ಹೋಗುತ್ತದೆ, ಮೂಲ ಬಟ್ಟನ್ನು ಬರೀ ಧೂಳು ಒರೆಸಿ ಇಡಬೇಕು, ಮಂಕಾದರೆ ಮಂಕಾಗಲಿ ಎಂದು ಅವರು ಸಮಾಧಾನವಾಗಿಯೇ ವಿವರಿಸಿದರು. ನಂತರ ನಮ್ಮ ಹಿತ್ತಾಳೆಯ ಒಂದು ಕಿಲೋ ಬಟ್ಟಿನ ನೆತ್ತಿಯ ಮೇಲೆ ಅಡ್ಡಗೆರೆಯ ಮುದ್ರೆ ಒತ್ತಿದರು. ಇನ್ನು ಇದು ತೂಕಕ್ಕಲ್ಲ ಎಂದು ಅದರ ಅರ್ಥ. ಉಳಿದವುಗಳಿಗೂ ಅದೇ ಗತಿಯಾಯಿತು.

ಸುಳ್ಳು ಯಾಕೆ ಹೇಳಲಿ, ಬಸ್ ಹತ್ತಿದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಮಾವನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಅರ್ಧ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಮೂಲ ಬಟ್ಟೇ ಹಗುರ ಎಂದಮೇಲೆ, ನಾವು ಕೆತ್ತಿದ ಬಟ್ಟುಗಳೆಲ್ಲ ಮೊದಲು ಸರಿಯಾಗಿಯೇ ಇದ್ದವು. ಸಭೆಯವರ ತೂಕವನ್ನೆಲ್ಲ ಸುಳ್ಳು ಮಾಡಿ ಕಳಿಸಿದ್ದು ನಾವು. ಸರಿಯಾಗಿ ಉಳಿದದ್ದು ನಾವು ಮುಟ್ಟದ ಒಂದೇ ಬಟ್ಟು. ಆಮೇಲೆ, ಬಟ್ಟಿನಲ್ಲಿ ಮುಖ ನೋಡಿಕೊಂಡು ಗುನುಗುವ ಆ ಮುದುಕರು ನೆನಪಾದರು. ತೊಡೆಯ ಮೇಲಿದ್ದ ಪೆಟ್ಟಿಗೆ ಭಾರವಾಗತೊಡಗಿತು. ಜೋಡಿಸಿದ ಮಾತುಗಳಲ್ಲಿ ಒಂದೂ ಮನೆಯವರೆಗೆ ಉಳಿಯಲಿಲ್ಲ.

ನಾನು ಪೆಟ್ಟಿಗೆ ತೆರೆದು ಮಾವನ ಮುಂದಿಟ್ಟೆ. ಪಕ್ಕದಲ್ಲಿ ಮೀನಕ್ಕನ ಬಟ್ಟನ್ನೂ ಇಟ್ಟೆ. ಮಾವ ಅಡ್ಡಗೆರೆಯ ಮೇಲೆ ಬೆರಳಾಡಿಸಿದರು. ಅವರು ಬರಿ ಬೆರಳಿನಿಂದ ಅದನ್ನು ಮುಟ್ಟಿದ್ದನ್ನು ನಾನು ಮೊದಲ ಸಲ ನೋಡಿದ್ದು.

"ಅವಳದ್ದು?"

"ಸರಿಯಿದೆಯಂತೆ ಮಾವ."

ಹಿತ್ತಾಳೆಯದ್ದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೊರಗೆ ಯಾರೋ ಸೈಕಲ್ ಬೆಲ್ ಮಾಡುತ್ತ ಹೋದರು. "ಉಜ್ಜಬೇಡ ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ರು," ಎಂದರು ಕೊನೆಗೆ. "ಗೊತ್ತಿತ್ತಮ್ಮ. ಆದರೆ ಮಂಕಾಗಿದ್ರೆ ನನಗೆ ತಡೆಯೋಕಾಗ್ತಿರಲಿಲ್ಲ. ಎಲ್ಲರೂ ನೋಡೋದು ಇದನ್ನೇ ಅಲ್ವಾ?"

ರಾತ್ರಿ ಊಟಕ್ಕೆ ಬಂದ ಗಂಡನಿಗೆ ಹೇಳಿದರೆ, ಅವನು ಬಟ್ಟಿನ ವಿಷಯ ಬಿಟ್ಟು ಅಪ್ಪ ಊಟ ಮಾಡಿದ್ರಾ ಎಂದು ಕೇಳಿದ. ಮಾಡಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಮಾವ ಸಣ್ಣ ಒಲೆ, ಸೀಸದ ಗಟ್ಟಿ, ಸೌಟು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಂಡಿ ನೋವಿನ ಮಾತನ್ನೇ ಎತ್ತಲಿಲ್ಲ. ಪೇಟೆಯ ಅಂಗಡಿ ಅಂಗಡಿಗೂ ಹೋದೆವು. ಪ್ರತಿಯೊಬ್ಬರ ಮುಂದೆಯೂ ನನ್ನ ಬಟ್ಟು ಸುಳ್ಳಾಗಿತ್ತು, ನಿಮ್ಮದನ್ನ ನಾನೇ ಕೆಡಿಸಿದೆ ಎಂದು ಹೇಳಿ, ಕೂತು ಸೀಸ ಕರಗಿಸಿ ಕುಳಿಗೆ ಹೊಯ್ದರು. ತರಕಾರಿಯವನು ತಬ್ಬಿಬ್ಬಾಗಿ ಎದ್ದು ನಿಂತುಬಿಟ್ಟ. ಮೊಳೆ ಮಾರುವವನು ಮಾತ್ರ, ಅಜ್ಜ, ನಿಮ್ಮನ್ನ ನಂಬಿ ನಾನು ಕಳ್ಳನಾದೆನಲ್ಲ ಎಂದು ತಮಾಷೆ ಮಾಡಿದ. ಮಾವ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, ಹೌದಪ್ಪ ಎಂದರು. ಹೋಲಿಸಿ ನೋಡುವುದಕ್ಕೆ ಈಗ ನಮ್ಮ ಬಳಿ ಇದ್ದ ಸರಿಯಾದ ಬಟ್ಟು ಒಂದೇ. ಇನ್ನೂ ಒಂದು ದಿನ ಇಟ್ಟುಕೊಳ್ಳಲೇ ಎಂದು ನಾನು ಓಡಿಹೋಗಿ ಮೀನಕ್ಕನನ್ನು ಕೇಳಿ ಬಂದಿದ್ದೆ. ಕರಿ ಕಬ್ಬಿಣದ ಆ ಬಟ್ಟು ತಟ್ಟೆಯಲ್ಲಿ ಕೂತು ಪೇಟೆಯನ್ನೆಲ್ಲ ಸರಿಮಾಡಿತು.

ಆದರೆ ಮೀನಿನ ಕಟ್ಟೆಯ ತಿರುವು ಬಂದಾಗ ಮಾವ ನಿಂತರು. ಒಲೆಯ ಬಿಸಿಗೋ ಏನೋ ಮುಖ ಕೆಂಪಾಗಿತ್ತು. ನೀನೇ ಕೊಟ್ಟು ಬಾ ಎಂದು ಬಟ್ಟನ್ನು ನನ್ನ ಕೈಗಿಟ್ಟು, ಕಾಲೆಳೆಯುತ್ತ ಮನೆಯ ಕಡೆ ಹೊರಟುಬಿಟ್ಟರು. ಊರೆಲ್ಲರ ಮುಂದೆ ಹೇಳಿದ ಮಾತು ಅವಳೊಬ್ಬಳ ಮುಂದೆ ಬಾಯಿಗೆ ಬರಲಿಲ್ಲ.

ಮೀನಕ್ಕನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಪೇಟೆಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಅವಳು ಬಟ್ಟನ್ನು ಒರೆಸಿ ಜಾಗದಲ್ಲಿಟ್ಟು, "ಅಣ್ಣ ಒಲೆ ಹೊತ್ಕೊಂಡು ತಿರುಗಿದ್ರಂತೆ. ಮಂಡಿ ಹೇಗಿದೆ?" ಎಂದಳು.

ನನಗೆ ಅವಳ ಮೇಲೂ ಸಿಟ್ಟು ಬಂತು. ನಿನಗೆ ಕೋಪವೇ ಬರುವುದಿಲ್ಲವೇ ಎಂದು ಕೇಳಿದೆ.

"ಬರದೇ ಇರುತ್ತಾ? ನಮ್ಮಪ್ಪನ ಮುಂದೆ ಕೂತ್ಕೊಂಡು ಅಣ್ಣನ್ನ ಚೆನ್ನಾಗಿ ಬೈದೆ. ಪೇಟೇಲಿ ಬೈಯೋದಕ್ಕಿಂತ ಜಾಸ್ತಿನೇ ಬೈದೆ. ಅವನು ಎಲ್ಲಾ ಕೇಳಿಸಿಕೊಂಡ. ಆಮೇಲೆ ನೋಡಿದ್ರೆ ಬೈಯೋಕೆ ಏನೂ ಉಳಿದಿರಲಿಲ್ಲ."

ಶನಿವಾರ ಮಧ್ಯಾಹ್ನ ಮಾವ ಅಭ್ಯಾಸ ಬಲದಿಂದ ಬಾಗಿಲು ಅರ್ಧ ಮುಚ್ಚಿ ಕೂತರು. ಪೆಟ್ಟಿಗೆ ತೆರೆಯಲಿಲ್ಲ. ಕೈಗಳು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಬಿದ್ದುಕೊಂಡಿದ್ದವು. ನಾನು ಟೀ ಇಟ್ಟು ಬಂದೆ. ಅವರ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂದು ನನಗೆ ಗೊತ್ತಾದದ್ದು ಅಂದೇ.

ಮಾರನೆಯ ದಿನ ಕರ್ತನ ಭೋಜನ. ಚರ್ಚಿಗೆ ಇನ್ನೂ ಯಾರೂ ಬಂದಿರಲಿಲ್ಲ. ಮಾವ ಮೇಜಿನ ಮೇಲಿದ್ದ ರೊಟ್ಟಿಯ ತಟ್ಟೆಯನ್ನು ಪಾಸ್ಟರ್ ಕಡೆ ಸರಿಸಿ, ಇವತ್ತು ಇದನ್ನ ನೀವೇ ಹಿಡೀರಿ ಎಂದರು. ಪಾಸ್ಟರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾವ ನಡುದಾರಿಯಲ್ಲಿ ಹಿಂದಕ್ಕೆ ನಡೆದು, ಕೊನೆಯ ಬೆಂಚಿನ ತುದಿಯಲ್ಲಿ ಕೂತಾಗಿತ್ತು. ಬಂದವರೆಲ್ಲ ಮುಂದಿನ ಖಾಲಿ ಜಾಗ ನೋಡಿ, ಹಿಂದೆ ನೋಡಿ, ಮತ್ತೆ ಮುಂದೆ ನೋಡಿದರು. ಮೀನಕ್ಕ ಎಂದಿನಂತೆ ತಡವಾಗಿ ಬಂದಳು. ತನ್ನ ಬೆಂಚಿನಲ್ಲಿ ಮಾವನನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ, ಸ್ವಲ್ಪ ಸರಿಯಿರಣ್ಣ ಎಂದು ಪಿಸುಗುಟ್ಟಿ ಪಕ್ಕದಲ್ಲಿ ಕೂತಳು. ಅಂದು ಯಾರೂ ಕಿಟಕಿ ತೆರೆಯಲಿಲ್ಲ.

ತಟ್ಟೆ ಬೆಂಚಿನಿಂದ ಬೆಂಚಿಗೆ ಬಂದು ಕೊನೆಯದಕ್ಕೆ ಮುಟ್ಟುವಾಗ ನಾನು ತಡೆಯಲಾರದೆ ಹಿಂದೆ ತಿರುಗಿದೆ. ನಾನೊಬ್ಬಳೇ ಅಲ್ಲ, ಇಡೀ ಸಭೆಯೇ ತಿರುಗಿತ್ತು. ಪಾಸ್ಟರ್ ತಟ್ಟೆಯನ್ನು ಮಾವನ ಮುಂದೆ ಹಿಡಿದರು. ಮಾವ ಕೈ ಚಾಚಲಿಲ್ಲ.

"ಅವಳಿಗೆ ಕೊಡಿ," ಎಂದರು. ಎಲ್ಲರಿಗೂ ಕೇಳಿಸಿತು. "ಅವಳನ್ನ ತಡೆದವನು ನಾನು. ಸವೆದದ್ದು ನನ್ನ ಬಟ್ಟು." ಮತ್ತೆ ಅವಳ ಕಡೆ ತಿರುಗದೆಯೇ, "ತಪ್ಪಾಯ್ತಮ್ಮ," ಎಂದರು.

ಮೀನಕ್ಕ ಎರಡೂ ಕೈ ಚಾಚಿ ಒಂದು ತುಂಡು ರೊಟ್ಟಿ ತೆಗೆದುಕೊಂಡಳು. ಪಾಸ್ಟರ್ ಮತ್ತೆ ಮಾವನ ಕಡೆ ತಟ್ಟೆ ತಂದರು. ಮಾವ ತಲೆ ಅಲ್ಲಾಡಿಸಿ, ನನಗೆ ಬೇಡ, ಇವತ್ತು ನಾನು ತಕ್ಕವನಲ್ಲ ಎಂದು ಮಡಿಲಲ್ಲಿದ್ದ ಕೈಗಳನ್ನು ಇನ್ನಷ್ಟು ಬಿಗಿ ಹಿಡಿದರು. ತಟ್ಟೆ ಗಾಳಿಯಲ್ಲೇ ನಿಂತಿತು.

ಮೀನಕ್ಕ ಇನ್ನೂ ಬಾಯಿಗಿಡದೆ ಹಿಡಿದಿದ್ದ ತನ್ನ ತುಂಡನ್ನು ಮುರಿದಳು. ಸರಿ ಅರ್ಧವಾಗಿರಲಿಲ್ಲ, ಅಷ್ಟು ದೂರದಿಂದ ನನಗೂ ಕಂಡಿತು. ಮಾವನ ಮುಷ್ಟಿ ಬಿಡಿಸಿ ಅಂಗೈಯಲ್ಲಿ ಒಂದು ಚೂರು ಇಟ್ಟಳು. ಮಾವ ತಮ್ಮ ಕೈಯನ್ನು ನೋಡಿದರು, ಅವಳ ಕೈಯನ್ನು ನೋಡಿದರು. ಜೀವಮಾನದ ಅಭ್ಯಾಸ, ಬಿಡಬೇಕೆಂದರೂ ಬಿಡುವುದಿಲ್ಲ.

"ನನ್ನದು ದೊಡ್ಡದಾಯ್ತಲ್ಲಮ್ಮ," ಎಂದರು.

"ಹೆಚ್ಚು ಹೋದ್ರೆ ಹೋಗ್ಲಿ," ಎಂದಳು ಮೀನಕ್ಕ. "ತಿನ್ನಿ ಅಣ್ಣ."

ಮಾವ ತಿಂದರು.